ದೇಜಪ್ಪನವರ ಮಗಳು ಮಲಗಿದ್ದಾಳೆ

ಮುಂಬಯಿ ಪಕ್ಕದ ತುರ್ಭೆಯ ಒಂದು ಪೈಪು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮಧ್ಯಾಹ್ನದ ಊಟ ಮುಗಿದು ಪಾತ್ರೆಗಳನ್ನು ಬೋರಲು ಹಾಕಿದ ಮೇಲೆ ಸ್ವಲ್ಪ ಹೊತ್ತು ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಅಕ್ಕಿ ಮೂಟೆಗಳ ಹಿಂದೆ, ಗೋಡೆಗೆ ತಾಗಿಸಿದ ಬೆಂಚಿನ ಮೇಲೆ ಚನಿಯ ಮಲಗಿರುತ್ತಿದ್ದ. ವಡೆ, ಭಜಿ, ಪೂರಿ ಕರಿಯುವ ಕೆಲಸ ಅವನದು. ಅವನನ್ನು ಆ ಹೊತ್ತಿನಲ್ಲಿ ಎಬ್ಬಿಸಬಾರದು ಎಂಬುದು ಕ್ಯಾಂಟೀನಿನ ಗುತ್ತಿಗೆ ಹಿಡಿದಿದ್ದ ದೇಜಪ್ಪ ಬಂಗೇರರ ನಿಯಮ. ಆ ನಿಯಮವನ್ನು ಅವರು ಎಲ್ಲಿಯೂ ಬರೆದು ಅಂಟಿಸಿರಲಿಲ್ಲ. ಕಾರ್ಖಾನೆಗೆಲ್ಲ ಅದು ಗೊತ್ತಿತ್ತು, ಆದರೂ ಆಗಾಗ ಯಾರಾದರೂ ಪರೀಕ್ಷೆ ಮಾಡಿ ನೋಡುತ್ತಿದ್ದರು.

ಒಮ್ಮೆ ಆಫೀಸಿನ ಜವಾನ ಸೈದಪ್ಪ ಬಂದು ಕೌಂಟರಿನ ಮುಂದೆ ನಿಂತ.

"ಸಾಹೇಬ್ರ ಕಡಿ ಪುಣೆದಿಂದ ಮಂದಿ ಬಂದಾರ. ಬಿಸಿ ವಡಾ ಬೇಕಂತ."

"ಬಾಣಲೆಯವ ಮಲಗಿದ್ದಾನೆ."

"ಎಬ್ಬಿಸ್ರಿ ಮತ್ತ."

"ಎಬ್ಬಿಸ್ಲಿಕ್ಕಿಲ್ಲ. ಬಿಸ್ಕಿಟು ಉಂಟು, ಚಕ್ಕುಲಿ ಉಂಟು. ಚಾ ನಾನೇ ಮಾಡಿ ಕೊಡ್ತೇನೆ. ಬಿಸಿ ಎಣ್ಣೆಯದ್ದು ಮಾತ್ರ ಈಗ ಕೇಳ್ಬೇಡ ಮಾರಾಯ."

"ನೀವು ಚನಿಯಾಗ ಮಲಗಾಕ ಪಗಾರ ಕೊಡ್ತೀರೇನ್ರೀ?"

"ಹೌದು. ಕರಿಯುವುದನ್ನು ಅವ ಪುಕ್ಕಟೆ ಮಾಡ್ತಾನೆ," ಎಂದರು ದೇಜಪ್ಪ.

ಸೈದಪ್ಪ ಚಕ್ಕುಲಿ ತೆಗೆದುಕೊಂಡು ಹೋದ. ಸಾಹೇಬರು ಮುನಿಸಿಕೊಂಡರಂತೆ. ಗುತ್ತಿಗೆಯೇನೂ ಕೈತಪ್ಪಲಿಲ್ಲ.

ಈ ಹಟಕ್ಕೆ ಒಂದು ಹಿನ್ನೆಲೆಯಿತ್ತು. ಕಿನ್ನಿಗೋಳಿ ಕಡೆಯಿಂದ ಹುಡುಗನಾಗಿ ಬಂದ ದೇಜಪ್ಪ ಮೊದಲು ದುಡಿದದ್ದು ಠಾಣೆ ಸ್ಟೇಷನ್ ಬಳಿಯ ಒಂದು ಹೋಟೆಲಿನಲ್ಲಿ. ಅಲ್ಲಿ ಕರಿಯುವ ಕೆಲಸದ ಮುದುಕನೊಬ್ಬನನ್ನು ಒಂದು ಮಧ್ಯಾಹ್ನ, ಬದಲಿ ಆಳು ಬರಲಿಲ್ಲವೆಂದು, ಆಗಷ್ಟೇ ಕಣ್ಣು ಮುಚ್ಚಿದವನನ್ನು ಎಬ್ಬಿಸಿ ನಿಲ್ಲಿಸಿದರು. ಅವನು ಎದ್ದ, ಮುಖ ತೊಳೆದ, ಪಂಚೆ ಬಿಗಿದ, ಕೇಳಿದ್ದಕ್ಕೆ ಉತ್ತರವನ್ನೂ ಕೊಟ್ಟ. ಎಲ್ಲವೂ ಸರಿಯಿದ್ದಂತೆ ಕಾಣುತ್ತಿತ್ತು. ಆಮೇಲೆ ಜಾಲರಿ ಸೌಟಿನ ಬದಲು ಬರಿಗೈಯನ್ನು ಎಣ್ಣೆಗೆ ಹಾಕಿದ. ಟೇಬಲ್ ಒರೆಸುತ್ತಿದ್ದ ದೇಜಪ್ಪ ನೋಡಿದ್ದು ಆ ಮನುಷ್ಯನ ಕೈಯನ್ನಲ್ಲ, ಕಣ್ಣುಗಳನ್ನು. ಅವು ತೆರೆದೇ ಇದ್ದವು. ಮಲಗಿದವನು ಕಣ್ಣು ತೆರೆದು ನಿಲ್ಲಬಲ್ಲ ಎಂಬುದು ಅವರಿಗೆ ಅಂದು ಗೊತ್ತಾಯಿತು. ಸ್ವಂತ ಕ್ಯಾಂಟೀನು ಬಂದ ಮೊದಲ ವಾರವೇ ಅವರು ಈ ನಿಯಮ ಮಾಡಿದರು.

ಇಷ್ಟು ತಿಳಿದ ಮನುಷ್ಯ ತನ್ನ ಮನೆಯಲ್ಲಿ ಅದನ್ನು ಮರೆತದ್ದು ಹೇಗೆ ಎಂಬುದೇ ಇಲ್ಲಿ ಹೇಳಬೇಕಾದ ಸಂಗತಿ.

ದೇಜಪ್ಪನವರ ಒಬ್ಬಳೇ ಮಗಳು ಪ್ರಣೀತಾ ಒಂದು ವಿಮಾನ ಕಂಪನಿಯಲ್ಲಿ ಸಹ ಪೈಲಟ್. ಅವಳ ತರಬೇತಿಗಾಗಿ ಡೊಂಬಿವ್ಲಿಯ ಮನೆಯನ್ನು ಮಾರಿ, ಗಂಡ ಹೆಂಡತಿ ಐರೋಲಿಯಲ್ಲಿ ಬಾಡಿಗೆ ಫ್ಲ್ಯಾಟಿಗೆ ಬಂದಿದ್ದರು. ಮುಲುಂಡ್ ಸೇತುವೆ ಹತ್ತಿರ, ವಿಮಾನ ನಿಲ್ದಾಣದಿಂದ ಮಗಳನ್ನು ಕರೆದೊಯ್ಯಲು ಬರುವ ಕಾರಿಗೂ ಅನುಕೂಲ ಎಂಬ ಲೆಕ್ಕ. ಮನೆಯ ಮಾತು ತುಳು. ಊರವರೊಡನೆ, ಡೊಂಬಿವ್ಲಿಯ ಕನ್ನಡ ಸಂಘದಲ್ಲಿ, ಕ್ಯಾಂಟೀನಿನಲ್ಲಿ ಕನ್ನಡ. ಪ್ರಣೀತಾಳಿಗೆ ಸಿಟ್ಟು ಬಂದರೆ ಮಾತ್ರ ಹಿಂದಿ.

ಪೈಲಟ್‌ಗಳ ದುಡಿಮೆಗೆ ಕಾನೂನಿನ ಮಿತಿಯುಂಟು. ಎಷ್ಟು ಹೊತ್ತು ಹಾರಬಹುದು, ಎರಡು ಕೆಲಸಗಳ ನಡುವೆ ಎಷ್ಟು ಬಿಡುವು ಇರಬೇಕು, ವಾರಕ್ಕೊಮ್ಮೆ ಎಂಥ ವಿಶ್ರಾಂತಿ ಸಿಗಬೇಕು, ಎಲ್ಲಕ್ಕೂ ಅಂಕಿಗಳಿವೆ. ಕಂಪನಿಯ ರೋಸ್ಟರ್ ವಿಭಾಗದವರು ಆ ಅಂಕಿಗಳೊಳಗೆ ವಿಮಾನಗಳನ್ನೂ ಮನುಷ್ಯರನ್ನೂ ಹೊಂದಿಸುತ್ತಾರೆ. ಆ ಬಿಡುವಿನಲ್ಲಿ ಪೈಲಟ್ ಎಷ್ಟು ನಿದ್ದೆ ಮಾಡಿದಳು ಎಂದು ಯಾರೂ ಕೇಳುವುದಿಲ್ಲ. ಕೇಳುವುದು ಸಾಧ್ಯವೂ ಇಲ್ಲ. ಕೆಲವು ದಿನ ನಸುಕಿಗೆ ಏಳುವ ಕೆಲಸ, ಅದು ಮೈಗೆ ಒಗ್ಗುವ ಹೊತ್ತಿಗೆ ರಾತ್ರಿಯಿಡೀ ಎಚ್ಚರವಿರಬೇಕಾದ ಕೆಲಸ. ಬೆಳಗಾದ ಮೇಲೆ ಮನೆಗೆ ಬಂದು ಮಲಗಿದರೆ ಮೇಲಿನ ಫ್ಲ್ಯಾಟಿನಲ್ಲಿ ಟೈಲ್ಸ್ ಒಡೆಯುತ್ತಿರುತ್ತಾರೆ. ಪ್ರಣೀತಾ ಇದನ್ನು ಅಪ್ಪನಿಗೆ ಒಂದೆರಡು ಸಲ ಹೇಳಿ ನೋಡಿದ್ದಳು.

"ಕೂತು ಮಾಡುವ ಕೆಲಸ ಅಲ್ವಾ ಮಗಾ. ಎ.ಸಿ. ಬೇರೆ ಉಂಟು," ಎಂದಿದ್ದರು ಅವರು.

ವ್ಯಂಗ್ಯವಾಡಿದ್ದಲ್ಲ, ನಿಜವಾಗಿ ಹಾಗೆಯೇ ನಂಬಿದ್ದರು. ದಣಿವು ಎಂದರೆ ಅವರ ಪಾಲಿಗೆ ಕಾಲಿನಲ್ಲಿ, ಸೊಂಟದಲ್ಲಿ ಇರುವಂಥದ್ದು. ಮಗಳು ಆ ದಣಿವಿನಿಂದ ಪಾರಾದಳು ಎಂಬುದೇ ಅವರ ಸಂತೋಷ. ಆ ಸಂತೋಷವನ್ನು ಹಂಚಿಕೊಳ್ಳದೆ ಇರಲು ಅವರಿಂದ ಆಗುತ್ತಿರಲಿಲ್ಲ. ಅವಳಿಗೆ ರಜೆ ಇದ್ದ ದಿನ ಮನೆಗೆ ಜನ ಬರುತ್ತಿದ್ದರು: ಘೋಡಬಂದರ್ ರಸ್ತೆಯ ಸಂಬಂಧಿಕರು, ಮದುವೆಯ ಕಾಗದ ಕೊಡುವವರು, ಮಗನಿಗೆ ಪೈಲಟ್ ಆಗುವ ಆಸೆಯಿದೆ ಎನ್ನುವವರು. ದೇಜಪ್ಪ ಮಲಗುವ ಕೋಣೆಯ ಬಾಗಿಲು ತಟ್ಟುತ್ತಿದ್ದರು. "ಮಗಾ, ಐದು ನಿಮಿಷ ಬಂದು ಮಾತಾಡಿಸಿ ಹೋಗು." ಅವಳು ಕೂದಲು ಕಟ್ಟಿಕೊಂಡು ಹೊರಬರುತ್ತಿದ್ದಳು.

ಅದು 2014ರ ಚಳಿಗಾಲ. ಕಂಪನಿ ಹೊಸ ಕ್ಯಾಪ್ಟನ್‌ಗಳ ತರಬೇತಿಗೆ ಆಯ್ಕೆ ಮಾಡುತ್ತಿತ್ತು. ಪ್ರಣೀತಾಳ ಹಾರಾಟದ ಅನುಭವ ಸಾಕಷ್ಟಾಗಿತ್ತು, ಪರೀಕ್ಷೆಗಳೂ ಮುಗಿದಿದ್ದವು. ಹೆಸರುಗಳು ಹೊರಬೀಳುವುದು ಬಾಕಿ. ಅಂಥ ದಿನಗಳಲ್ಲಿ ಯಾರೂ ಕಂಪನಿಗೆ ಇಲ್ಲ ಎನ್ನುವುದಿಲ್ಲ. ಅವಳೂ ಎಂದಿರಲಿಲ್ಲ. ರಾತ್ರಿಯ ಕೆಲಸ ಮುಗಿಸಿ ಶನಿವಾರ ಬೆಳಿಗ್ಗೆ ಮನೆಗೆ ಬಂದಾಗ ಅವಳ ಮುಂದೆ ಸೋಮವಾರ ಮುಗಿಯುವವರೆಗೆ ರಜೆಯಿತ್ತು.

ಶನಿವಾರ ಟೈಲ್ಸಿನವರದಾಯಿತು. ಭಾನುವಾರ ಡೊಂಬಿವ್ಲಿಯಲ್ಲಿ ಸಂಘದ ವಾರ್ಷಿಕೋತ್ಸವ. ಮುಂಬಯಿಯ ಕನ್ನಡ ಸಂಘಗಳಲ್ಲಿ ಸನ್ಮಾನವಿಲ್ಲದೆ ಕಾರ್ಯಕ್ರಮ ಮುಗಿಯುವುದಿಲ್ಲ. ಕಾರ್ಯದರ್ಶಿ ಪುಂಡರೀಕಾಕ್ಷ ಮೊದಲೇ ಫೋನು ಮಾಡಿ, "ಮಗಳಿಗೆ ಆ ದಿನ ರಜೆಯಂತಲ್ಲ ದೇಜಪ್ಪಣ್ಣ, ಒಂದು ಶಾಲು ಹೊದಿಸಿಯೇ ಬಿಡುವ" ಎಂದಿದ್ದರು. ದೇಜಪ್ಪ ಮಗಳನ್ನು ಕೇಳದೆಯೇ ಒಪ್ಪಿಕೊಂಡಿದ್ದರು. ಪ್ರಣೀತಾ ಬೆಳಗಿನಿಂದ ವೇದಿಕೆಯ ಮೇಲೆ ಕೂತಳು. ಅಧ್ಯಕ್ಷರ ಭಾಷಣ, ಮಾಜಿ ಅಧ್ಯಕ್ಷರ ಭಾಷಣ, ಮಕ್ಕಳ ನೃತ್ಯ, ಸಹಾಯಧನ ವಿತರಣೆ. ಅವಳ ಸರದಿ ಬಂದಾಗ ತಲೆಗೆ ಪೇಟ, ಕೈಗೆ ಹಣ್ಣಿನ ಬುಟ್ಟಿ. ಎರಡನೆಯ ಸಾಲಿನಲ್ಲಿ ಕೂತಿದ್ದ ತಾಯಿ ಚಂಪಾ, "ಹುಡುಗಿ ಕೂತಲ್ಲೇ ತೂಗ್ತಾ ಇದ್ದಾಳೆ" ಎಂದು ಗಂಡನ ಮೊಣಕೈ ತಿವಿದರು.

"ವಿನಯದಿಂದ ತಲೆ ತಗ್ಗಿಸಿದ್ದು ಅದು," ಎಂದರು ದೇಜಪ್ಪ.

ಚಂಪಾ ಅಂದು ಡೊಂಬಿವ್ಲಿಯಲ್ಲಿ ತಂಗಿಯ ಮನೆಯಲ್ಲೇ ಉಳಿದರು. ಅಪ್ಪ ಮಗಳು ಐರೋಲಿಗೆ ವಾಪಸಾದರು. ಮೈ ಹೊತ್ತು ಮೀರಿ ದಣಿದರೆ ನಿದ್ದೆಯೂ ಬರುವುದಿಲ್ಲ; ಪ್ರಣೀತಾಳಿಗೆ ಕಣ್ಣು ಹತ್ತಿದಾಗ ಸೋಮವಾರದ ಬಿಸಿಲು ಪರದೆಯ ಅಂಚಿಗೆ ಬಂದಿತ್ತು. ಮೊಬೈಲು ಆಫ್ ಮಾಡಿ ಮಲಗಿದ್ದಳು.

ಕಾರ್ಖಾನೆಗೆ ಸೋಮವಾರ ವಾರದ ರಜೆ. ದೇಜಪ್ಪ ಮನೆಯಲ್ಲಿ ಪೇಪರು ಓದುತ್ತಿದ್ದಾಗ ಹಾಲಿನ ಲ್ಯಾಂಡ್‌ಲೈನ್ ರಿಂಗಾಯಿತು. ತುರ್ತಿಗೆ ಇರಲಿ ಎಂದು ಪ್ರಣೀತಾ ಕಂಪನಿಗೆ ಕೊಟ್ಟಿದ್ದ ಸಂಖ್ಯೆ ಅದು. ಆ ಕಡೆಯವನು ಹಿಂದಿಯಲ್ಲಿ ಶುರು ಮಾಡಿದ. ದೇಜಪ್ಪನವರ ಹಿಂದಿ ಕೇಳಿ ತಡೆದು, "ಕನ್ನಡದವರೇನ್ರೀ?" ಎಂದ.

"ಹೌದು. ನೀವು?"

"ನಾ ವಿಕಾಸ್ ಅಂತ್ರೀ, ರೋಸ್ಟರ್ ವಿಭಾಗದಾಗ ಇದೀನಿ. ಮನಿ ಕಲ್ಯಾಣದಾಗ. ನಮ್ಮ ಅಪ್ಪ ವಿಜಾಪುರದಿಂದ ರೇಲ್ವೆಕ್ಕ ಬಂದವರು."

ಮಗಳ ಕಂಪನಿಯಲ್ಲಿ ಒಬ್ಬ ಕನ್ನಡದವನು ಇದ್ದಾನೆಂದು ದೇಜಪ್ಪನವರಿಗೆ ಗೊತ್ತಿರಲಿಲ್ಲ. ಊರು, ಮನೆ, ಮದುವೆಯಾಗಿದೆಯೋ ಎಂಬುದನ್ನೆಲ್ಲ ವಿಚಾರಿಸಿದರು. ವಿಕಾಸ್ ತನ್ನ ಕಷ್ಟ ಹೇಳಿಕೊಂಡ. ಸಂಜೆಯ ದಿಲ್ಲಿ ವಿಮಾನದ ಸಹ ಪೈಲಟ್‌ಗೆ ಜ್ವರ, ಬದಲಿಗೆ ಯಾರೂ ಸಿಗುತ್ತಿಲ್ಲ.

"ಮೇಡಮ್ಮರಿಗೆ ಇವತ್ತು ರಜಾ ಅದ, ಖರೇ. ಆದ್ರ ವಾರದ ವಿಶ್ರಾಂತಿ ಲೆಕ್ಕ ಸಂಜಿಗೆ ಮುಗೀತದ, ನಿಯಮಕ್ಕ ಏನೂ ತೊಂದ್ರಿ ಇಲ್ಲ. ಹೋಗಿ ವಾಪಸ್ ಬಂದ್ರ ಆತು. ಅವರು ಮನಸ್ ಮಾಡಿದ್ರ ನಮ್ಮ ಮ್ಯಾಲ ಉಪಕಾರ ಆಗ್ತದ ಕಾಕಾ."

"ಬರ್ತಾಳೆ," ಎಂದರು ದೇಜಪ್ಪ.

"ಒಂದ್ ಮಾತು ಅವರನ್ನ ಕೇಳ್ತೀರೇನು?"

"ಅವಳೆಂತ ಹೇಳ್ತಾಳೆ. ಕೆಲಸಕ್ಕೆ ಇಲ್ಲ ಅನ್ನುವ ಮನೆ ಅಲ್ಲ ನಮ್ಮದು. ನೀವು ಹೆಸರು ಹಾಕಿ. ನಾನು ಎಬ್ಬಿಸಿ ಕಳಿಸ್ತೇನೆ."

ವಿಕಾಸ್ ಹೆಸರು ಹಾಕಿದ. ಇಂಥ ಒಪ್ಪಿಗೆಯನ್ನು ಪೈಲಟ್‌ನ ಬಾಯಿಂದಲೇ ಕೇಳಬೇಕೆಂದು ಅವನಿಗೆ ಗೊತ್ತಿತ್ತು. ಆದರೆ ಬೆಳಗಿನಿಂದ ಕರೆ ಮಾಡಿದವರೆಲ್ಲ ಇಲ್ಲವೆಂದಿದ್ದರು. ಕೊನೆಗೊಂದು ಮನೆಯಲ್ಲಿ ಹಿರಿಯರೊಬ್ಬರು ಕನ್ನಡದಲ್ಲಿ ಭರವಸೆ ಕೊಟ್ಟಾಗ ಅದನ್ನು ನಂಬದೆ ಇರುವುದು ಅವನಿಗೂ ಕಷ್ಟವಾಯಿತು.

ದೇಜಪ್ಪ ಸಮವಸ್ತ್ರದ ಬಿಳಿ ಅಂಗಿಗೆ ಇಸ್ತ್ರಿ ಹಾಕಿದರು. ನೀರುದೋಸೆ ಹುಯ್ದು ಡಬ್ಬಿಗೆ ತುಂಬಿದರು. ನಿದ್ದೆ ಇನ್ನೊಂದಿಷ್ಟು ಆಗಲಿ ಎಂದು ಕಾದು, ಕಾರು ಬರುವ ಹೊತ್ತು ಹತ್ತಿರವಾದಾಗ ಬಾಗಿಲು ತಟ್ಟಿದರು.

ಪ್ರಣೀತಾ ಇಸ್ತ್ರಿ ಹಾಕಿದ ಅಂಗಿಯನ್ನು ನೋಡಿದಳು, ಡಬ್ಬಿಯನ್ನು ನೋಡಿದಳು.

"ಇದೆಂತ?"

"ದಿಲ್ಲಿ. ಸಂಜೆಯದ್ದು. ನಿಮ್ಮ ವಿಕಾಸ ಫೋನು ಮಾಡಿದ್ದ, ಒಳ್ಳೆಯ ಹುಡುಗ. ಬರ್ತಾಳೆ ಅಂತ ಹೇಳಿದೆ."

"ಆಪ್‌ನೇ ಬೋಲಾ?"

"ಹೌದು, ನಾನೇ ಹೇಳಿದೆ. ನಿನ್ನ ಪ್ರಮೋಷನ್ ಸಮಯ ಮಗಾ. ಕೇಳಿದಾಗ ಇಲ್ಲ ಅಂದ್ರೆ ಅವರು ನೆನಪಿಟ್ಕೊಳ್ತಾರೆ."

"ಮುಝೇ ಉಠಾಕೇ ಪೂಛನಾ ಥಾ, ಪಪ್ಪಾ."

"ಎಬ್ಬಿಸಿ ಕೇಳುವುದು ಬೇಡ ಅಂತಲೇ ನಾನೇ ಹೇಳಿದ್ದು."

ಪ್ರಣೀತಾ ಮೊಬೈಲು ಆನ್ ಮಾಡಿದಳು. ತಾನು ಒಪ್ಪಿಕೊಂಡಿಲ್ಲವೆಂದು ಈಗ ಹೇಳಬಹುದಿತ್ತು. ಆದರೆ ಆಯ್ಕೆಯ ಪಟ್ಟಿ ಹೊರಬೀಳುವ ವಾರ, ಹೆಸರು ದಾಖಲಾಗಿದೆ, ಕಾರು ಹೊರಟಾಗಿದೆ. ಒಪ್ಪಿದವಳು ಕೊನೆಯ ಗಳಿಗೆಯಲ್ಲಿ ಕೈಕೊಟ್ಟಳು ಎಂದೇ ಅದು ಕಾಣುತ್ತದೆ. ಅವಳು ಎದ್ದು ತಣ್ಣೀರಿನಲ್ಲಿ ಮುಖ ತೊಳೆದಳು, ಅಂಗಿ ಹಾಕಿಕೊಂಡಳು, ದೋಸೆಯ ರುಚಿ ಕೇಳಿದ್ದಕ್ಕೆ ಚೆನ್ನಾಗಿದೆ ಎಂದಳು. ಮಗಳ ಸಿಟ್ಟು ಇಳಿಯಿತೆಂದು ದೇಜಪ್ಪ ತಿಳಿದರು.

ಚಂಪಾರನ್ನು ಕರೆತರಲು ಅವರೂ ಡೊಂಬಿವ್ಲಿಗೆ ಹೋಗಬೇಕಿತ್ತು. ಮುಲುಂಡ್ ಸ್ಟೇಷನ್ನಿನವರೆಗೆ ಮಗಳ ಕಾರಿನಲ್ಲೇ ಹೋದರಾಯಿತೆಂದು ಪಕ್ಕದಲ್ಲಿ ಕೂತರು. ಟೋಲ್ ನಾಕಾದ ಮುಂದೆ ವಾಹನಗಳು ಒಂದರ ಹಿಂದೊಂದು ನಿಂತಿದ್ದವು. ಸೇತುವೆಯ ಕೆಳಗಿನ ಉಪ್ಪುನೀರ ಖಾಡಿಯ ಕಡೆಯಿಂದ ಕೆಸರಿನ ವಾಸನೆ ಬರುತ್ತಿತ್ತು. ದೇಜಪ್ಪ ವಿಕಾಸನ ಬಗ್ಗೆಯೇ ಏನೋ ಹೇಳುತ್ತಿದ್ದರು. ಪ್ರಣೀತಾ ನೆಟ್ಟಗೆ ಕೂತು, ಮುಂದಿನ ಗಾಜಿನ ಕಡೆ ನೋಡುತ್ತ "ಹ್ಞೂಂ" ಎನ್ನುತ್ತಿದ್ದಳು.

ಅವಳ ಕೈಯಲ್ಲಿದ್ದ ನೀರಿನ ಬಾಟಲಿ ಜಾರಿ ಕಾಲ ಬಳಿ ಬಿತ್ತು. ಅವಳು ಬಗ್ಗಲಿಲ್ಲ.

"ಮಗಾ, ಬಾಟಲಿ ಬಿತ್ತು."

"ಹ್ಞೂಂ."

ಮುಚ್ಚಳ ಸಡಿಲವಾಗಿತ್ತು, ನೀರು ಅವಳ ಬೂಟಿನ ಮೇಲೆ ಹರಿಯಿತು. ದೇಜಪ್ಪ ಅವಳತ್ತ ತಿರುಗಿ ನೋಡಿದರು. ಕಣ್ಣು ತೆರೆದೇ ಇದ್ದವು. ಅಂಥ ಕಣ್ಣುಗಳನ್ನು ಅವರು ಜೀವನದಲ್ಲಿ ಇನ್ನೊಂದೇ ಸಲ ನೋಡಿದ್ದರು.

"ಪ್ರಣೀತಾ," ಎಂದರು. ಮತ್ತೊಮ್ಮೆ ಕರೆದರು. ಭುಜ ಹಿಡಿದು ಅಲುಗಿಸಿದಾಗ ಅವಳು ಬೆಚ್ಚಿ, ಕಿಟಕಿಯ ಹೊರಗೆ ಸೇತುವೆಯನ್ನು ನೋಡಿ, "ಬಂದ್ವಾ? ಮನೆ ಬಂತಾ?" ಎಂದಳು.

ಕೆಲಸ ಮುಗಿಸಿ ವಾಪಸು ಬರುತ್ತಿದ್ದೇನೆ ಎಂದುಕೊಂಡಿದ್ದಳು ಅವಳು.

ದೇಜಪ್ಪ ಚಾಲಕನಿಗೆ ನಾಕಾ ದಾಟಿದ ಮೇಲೆ ಕಾರನ್ನು ಬದಿಗೆ ನಿಲ್ಲಿಸಲು ಹೇಳಿದರು. ಅವನು ಕನ್ನಡಿಯಲ್ಲಿ ಇಬ್ಬರನ್ನೂ ನೋಡಿ ನಿಲ್ಲಿಸಿದ.

"ಇದು ಬೇಡ ಮಗಾ," ಎಂದರು ದೇಜಪ್ಪ.

"ಬರ್ತಾಳೆ ಅಂದದ್ದು ನೀವೇ ಅಲ್ವಾ."

"ಅಂದದ್ದು ತಪ್ಪಾಯ್ತು. ಕೊಡು ಆ ಫೋನು, ನಾನು ವಿಕಾಸನಿಗೆ ಹೇಳ್ತೇನೆ."

ಪ್ರಣೀತಾ ಫೋನನ್ನು ಕೊಡಲಿಲ್ಲ. "ಈ ಸಲ ನಾನು ಮಾತಾಡ್ತೇನೆ. ನೀವು ಸುಮ್ಮನೆ ಕೂತ್ಕೊಳ್ಳಿ."

ಅವಳು ರೋಸ್ಟರ್ ವಿಭಾಗದೊಡನೆ ಇಂಗ್ಲಿಷಿನಲ್ಲಿ ಮಾತಾಡಿದಳು, ಹೆಚ್ಚೇನೂ ಇಲ್ಲ. ತಾನು ದಣಿದಿದ್ದೇನೆ, ಈ ಸ್ಥಿತಿಯಲ್ಲಿ ಕಾಕ್‌ಪಿಟ್‌ನಲ್ಲಿ ಕೂರುವುದಿಲ್ಲ. ಅಪ್ಪನ ಹೆಸರನ್ನು ಎತ್ತಲಿಲ್ಲ. ಆ ಕಡೆಯಿಂದ ಏನು ಹೇಳಿದರೋ, "ಗೊತ್ತು" ಎಂದಳು. ಮತ್ತೊಮ್ಮೆ "ಗೊತ್ತು" ಎಂದು ಇಟ್ಟಳು. ಕಾರು ಸೇತುವೆಯ ಆಚೆ ತಿರುಗಿ ಐರೋಲಿಗೆ ವಾಪಸು ಬಂತು. ಮನೆ ತಲಪುವವರೆಗೂ ಅವಳು ನಿದ್ದೆ ಮಾಡಿದಳು, ಈ ಸಲ ಕಣ್ಣು ಮುಚ್ಚಿ. ದೇಜಪ್ಪ ಚೆಲ್ಲಿದ ನೀರನ್ನು ತಮ್ಮ ಕರವಸ್ತ್ರದಿಂದ ಒರೆಸಿದರು.

ಮರುದಿನ ಕ್ಯಾಂಟೀನಿನಲ್ಲಿ ಅವರು ಇದನ್ನು ಚನಿಯನಿಗೆ ಹೇಳಿದರು. ಬೇರೆ ಯಾರಿಗೂ ಹೇಳುವ ಧೈರ್ಯವಿರಲಿಲ್ಲ. ಚನಿಯ ಆಲೂಗಡ್ಡೆ ಸುಲಿಯುತ್ತ ಪೂರ್ತಿ ಕೇಳಿದ.

"ಅಲ್ಲ ಅಣ್ಣ, ನಾನು ಮಲಗಿದಾಗ ಮ್ಯಾನೇಜರ್ ಫೋನು ಮಾಡಿದ್ರೆ ಎಂತ ಹೇಳ್ತೀರಿ?"

"ಮಲಗಿದ್ದಾನೆ ಅಂತ ಹೇಳ್ತೇನೆ."

"ಹಾಗಾದ್ರೆ ನನಗೆ ನಿದ್ದೆ, ಮಗಳಿಗೆ ಸನ್ಮಾನವಾ?"

ಚನಿಯ ಇನ್ನೊಂದು ಆಲೂಗಡ್ಡೆ ಎತ್ತಿಕೊಂಡ. "ನನ್ನ ಬಾಣಲೆಯಲ್ಲಿ ಸುಡುವುದು ನನ್ನ ಕೈ ಒಂದೇ," ಎಂದು ತನ್ನಷ್ಟಕ್ಕೆ ಹೇಳಿಕೊಂಡ.

ಆ ವಾರದ ಕೊನೆಗೆ ಪ್ರಣೀತಾಳನ್ನು ಕಚೇರಿಗೆ ಕರೆಸಿದರು. ಬದಲಿ ಪೈಲಟ್ ಬರುವವರೆಗೆ ವಿಮಾನ ತಡವಾಗಿತ್ತು, ಪ್ರಯಾಣಿಕರು ಗಲಾಟೆ ಮಾಡಿದ್ದರು. ಮಗಳು ಬೇಡವೆಂದರೂ ದೇಜಪ್ಪ ಜೊತೆಗೆ ಹೋದರು. ತಪ್ಪು ತನ್ನದೆಂದು ಹೇಳಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಅವರದು. ಗೇಟಿನ ಕಾವಲುಗಾರ ಒಳಗೆ ಬಿಡಲಿಲ್ಲ. ಎದುರಿನ ಚಹದಂಗಡಿಯ ಬಳಿ ನಿಂತಿದ್ದಾಗ, ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡ ತೆಳ್ಳನೆಯ ಯುವಕನೊಬ್ಬ ಬಂದು ಅರ್ಧ ಗ್ಲಾಸಿನ ಕಟಿಂಗ್ ಚಹಾ ಕೇಳಿದ. ಚೀಟಿಯ ಮೇಲಿನ ಹೆಸರನ್ನು ದೇಜಪ್ಪ ಓದಿದರು.

"ವಿಕಾಸ ಅಲ್ವಾ? ನಾನು ಪ್ರಣೀತಾನ ಅಪ್ಪ."

ವಿಕಾಸ್ ಗ್ಲಾಸನ್ನು ಬೆಂಚಿನ ಮೇಲಿಟ್ಟ. ಅವನ ಕಣ್ಣ ಕೆಳಗೆ ಕಪ್ಪಾಗಿತ್ತು.

"ಕಾಕಾ, ನೀವು ಕನ್ನಡದಾಗ ಮಾತಾಡಿದ್ರಿ. ನನಗ ನಮ್ಮ ಮನಿಗೇ ಫೋನ್ ಹಚ್ಚಿದಂಗ ಆತು. ಅವರನ್ನ ಕೇಳಬೇಕಿತ್ತು ನಾ."

"ನೀನು ಕೇಳಿದ್ದೆ. ಬೇಡ ಅಂದದ್ದು ನಾನು."

"ಅದನ್ನ ನಾ ಒಳಗ ಹೇಳಿಲ್ರೀ." ವಿಕಾಸ್ ತಲೆ ಎತ್ತಲಿಲ್ಲ. "ಅಪ್ಪನ ಮಾತಿನ ಮ್ಯಾಲ ಪೈಲಟ್ ಹೆಸರು ಹಾಕಿದೆ ಅಂದ್ರ ನನ್ನ ನೌಕ್ರಿ ಇರಂಗಿಲ್ಲ. ಮೇಡಮ್ಮೇ ಒಪ್ಪಿದ್ರು ಅಂತ ಅವರು ತಿಳ್ಕೊಂಡಾರ."

ದೇಜಪ್ಪನವರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎದುರಿಗಿದ್ದವನು ತಮ್ಮಂಥವನೇ ಆದ ಕೆಲಸಗಾರನೆಂದು ಕಂಡಿತು. ಕೇಳಿದವರಿಗೆಲ್ಲ ಆಯಿತು ಎನ್ನುತ್ತ, ಆ ಆಯಿತುಗಳ ಮೇಲೆಯೇ ಬದುಕಿದವನು. "ನಿನ್ನೆ ಮಲಗಿದ್ದು ಎಷ್ಟು ಹೊತ್ತಿಗೆ?" ಎಂದು ಕೇಳಿದರು.

"ಕಲ್ಯಾಣ ಲೋಕಲ್‌ದಾಗ ನಿಂತ್ಕೊಂಡೇ ಒಂದೀಟು ಆತು," ಎಂದು ವಿಕಾಸ್ ಸಣ್ಣಗೆ ನಕ್ಕ. ಅವನ ಚಹಾಕ್ಕೆ ದೇಜಪ್ಪನವರೇ ಕೊಟ್ಟರು.

ಒಳಗೆ ನಡೆದದ್ದನ್ನು ಪ್ರಣೀತಾ ಆಮೇಲೆ ಮನೆಯಲ್ಲಿ ಹೇಳಿದಳು. ಅಧಿಕಾರಿಗಳು ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. ದಣಿದಾಗ ಹೇಳುವುದು ಪೈಲಟ್‌ನ ಕರ್ತವ್ಯ ಎಂದೇ ಮಾತು ಆರಂಭಿಸಿದರು. ಆದರೆ ಒಪ್ಪಿಕೊಂಡ ಮೇಲೆ, ದಾರಿಯಲ್ಲಿ, ಏಕೆ? ತಾನು ಒಪ್ಪಿರಲಿಲ್ಲ, ಫೋನಿಗೆ ಉತ್ತರಿಸಿದ್ದು ತಂದೆ ಎಂದು ಅವಳು ಹೇಳಲೇಬೇಕಾಯಿತು. ಹಾಗಿದ್ದರೆ ಎದ್ದ ಕೂಡಲೇ ಏಕೆ ತಿಳಿಸಲಿಲ್ಲ ಎಂದರು. ಆಯ್ಕೆಯ ಪಟ್ಟಿಗೆ ಹೆದರಿ, ತಂದೆಯ ಮಾತು ಕೆಡಬಾರದೆಂದು ಹೊರಟೆ ಎಂಬುದು ವಿಮಾನ ಓಡಿಸುವವರ ಬಾಯಲ್ಲಿ ಬರಬೇಕಾದ ಉತ್ತರವಲ್ಲ ಎಂದು ಅವಳಿಗೂ ಅನ್ನಿಸಿತು. ಅದನ್ನು ಹೇಳಲಿಲ್ಲ.

ಆ ಸಲದ ಆಯ್ಕೆಯಲ್ಲಿ ಅವಳ ಹೆಸರು ಬರಲಿಲ್ಲ. ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ವಿಕಾಸನ ಕೆಲಸ ಉಳಿಯಿತು, ಎಚ್ಚರಿಕೆಯೊಂದಿಗೆ. ಐರೋಲಿಯ ಲ್ಯಾಂಡ್‌ಲೈನ್ ಸಂಖ್ಯೆಯನ್ನು ರೋಸ್ಟರ್ ವಿಭಾಗದ ಪರದೆಯಿಂದ ಅಳಿಸಿದರು.

ದೇಜಪ್ಪ ಮಗಳೊಡನೆ ಈ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಆದರೆ ಮನೆಯಲ್ಲಿ ಕೆಲವು ಬದಲಾವಣೆಗಳಾದವು. ಕ್ಯಾಂಟೀನಿನ ಉಗ್ರಾಣಕ್ಕೆಂದು ತಂದಿದ್ದ ದಪ್ಪ ಕಪ್ಪು ಬಟ್ಟೆ ಅವಳ ಕೋಣೆಯ ಕಿಟಕಿಗೆ ಬಂತು. ಕರೆಗಂಟೆಯ ತಂತಿಯನ್ನು ಬಿಚ್ಚಿದರು. ಮೇಲಿನ ಫ್ಲ್ಯಾಟಿನವರ ಮನೆಗೆ ಒಂದು ಡಬ್ಬಿ ಗೋಳಿಬಜೆ ಹಿಡಿದುಕೊಂಡು ಹೋಗಿ, ಟೈಲ್ಸಿನ ಕೆಲಸವನ್ನು ಮಗಳು ಡ್ಯೂಟಿಗೆ ಹೋದ ಹೊತ್ತಿಗೆ ಮಾಡಿಸುವಂತೆ ಒಪ್ಪಿಸಿ ಬಂದರು. ಅತಿಥಿಗಳನ್ನು ಕೆಳಗೆ, ಕಾವಲುಗಾರನ ಪ್ಲಾಸ್ಟಿಕ್ ಕುರ್ಚಿಯ ಪಕ್ಕದಲ್ಲೇ ಮಾತಾಡಿಸಿ ಕಳಿಸತೊಡಗಿದರು. ಸಂಬಂಧಿಕರಲ್ಲಿ ಕೆಲವರು, ಮಗಳು ಹಾರತೊಡಗಿದ ಮೇಲೆ ದೇಜಪ್ಪನಿಗೆ ಜಂಬ ಬಂದಿದೆ ಎಂದರು.

"ದೇವರಿಗೆ ಗಂಟೆ ಬಾರಿಸುವುದೂ ಬೇಡವಾ ಇನ್ನು?" ಎಂದು ಚಂಪಾ ಒಂದು ದಿನ ರೇಗಿದರು.

"ಬಾರಿಸು, ಮೆಲ್ಲಗೆ ಬಾರಿಸು. ದೇವರ ಕಿವಿ ಚೆನ್ನಾಗಿ ಉಂಟು."

ಪ್ರಣೀತಾ ಕ್ಯಾಪ್ಟನ್ ಆದದ್ದು 2016ರಲ್ಲಿ. ಅವಳ ಜೊತೆಗೆ ಆಗಬೇಕಿದ್ದವರೆಲ್ಲ ಅಷ್ಟರಲ್ಲಿ ಆಗಿದ್ದರು. ಸುದ್ದಿ ಡೊಂಬಿವ್ಲಿಗೆ ತಲಪಲು ತಡವಾಗಲಿಲ್ಲ. ಪುಂಡರೀಕಾಕ್ಷರ ಫೋನು ಬಂತು.

"ಈ ಸಲ ದೊಡ್ಡ ಸನ್ಮಾನ ದೇಜಪ್ಪಣ್ಣ. ಭಾನುವಾರ ಅವಳಿಗೆ ರಜೆ ಉಂಟಾ?"

"ಉಂಟು. ಅದಕ್ಕೇ ಬರುವುದು ಕಷ್ಟ."

"ಇದೆಂತ ಮಾತು? ರಜೆ ಇದ್ರೆ ಬರ್ಬೇಕಲ್ಲ."

"ಅವಳು ಎದ್ದ ಮೇಲೆ ಕೇಳಿ ಹೇಳ್ತೇನೆ. ನಾನು ಈಗ ಅವಳ ಪರವಾಗಿ ಮಾತು ಕೊಡುವುದಿಲ್ಲ."

ಎದ್ದ ಮೇಲೆ ಕೇಳಿದರು. ಸೋಮವಾರ ನಸುಕಿಗೆ ಕೆಲಸವಿದೆ, ನೀವೇ ಹೋಗಿಬನ್ನಿ ಎಂದಳು ಪ್ರಣೀತಾ. ಹಣ್ಣಿನ ಬುಟ್ಟಿಯಲ್ಲಿ ಸೀತಾಫಲ ಇದ್ದರೆ ಪುಂಡರೀಕಾಕ್ಷ ಅಂಕಲ್ ಕೈಗೆ ಸಿಗದ ಹಾಗೆ ತರಬೇಕೆಂದೂ ಹೇಳಿದಳು.

ಹೀಗೆ ಆ ಭಾನುವಾರ ಮಧ್ಯಾಹ್ನ, ಕ್ಯಾಪ್ಟನ್ ಪ್ರಣೀತಾ ಬಂಗೇರ ಎಂದು ವೇದಿಕೆಯಿಂದ ಕರೆದಾಗ, ಮೂರನೆಯ ಸಾಲಿನಿಂದ ಎದ್ದು ಹೋದವರು ದೇಜಪ್ಪ. ಸಭೆಯಲ್ಲಿ ಗುಸುಗುಸು ಎದ್ದಿತು. ಕಾರ್ಯಕ್ರಮ ನಡೆಸಿಕೊಡುತ್ತಿದ್ದ ತರುಣಿ ಮೈಕನ್ನು ಅವರ ಮುಂದೆ ಹಿಡಿದಳು. ವೇದಿಕೆಯ ಮೇಲೆ ಮಾತಾಡಿ ಅಭ್ಯಾಸವಿಲ್ಲದ ಅವರು ಗಂಟಲು ಸರಿಮಾಡಿಕೊಂಡರು.

"ಮಗಳು ಮಲಗಿದ್ದಾಳೆ. ನಾಳೆ ಬೆಳಿಗ್ಗೆ ಅವಳಿಗೆ ವಿಮಾನ ಉಂಟು."

ಸಭೆ ನಕ್ಕಿತು. ದೇಜಪ್ಪ ನಗಲಿಲ್ಲ. ನಗು ತಗ್ಗುವವರೆಗೆ ಕಾದು, "ನಾಳೆ ಅದರಲ್ಲಿ ನಿಮ್ಮವರೇ ಯಾರಾದ್ರೂ ಕೂತಿರಬಹುದು" ಎಂದರು. ಹಿಂದಿನ ಸಾಲಿನಲ್ಲಿ, ಅಂದು ರಜೆ ಹಾಕಿ ಬಂದಿದ್ದ ಚನಿಯ ಒಬ್ಬನೇ ಚಪ್ಪಾಳೆ ತಟ್ಟಿದ. ಆಮೇಲೆ ಉಳಿದವರೂ ತಟ್ಟಿದರು.

ಪುಂಡರೀಕಾಕ್ಷ ಶಾಲನ್ನು ಬಿಡಿಸಿ ಅವರ ಹೆಗಲಿಗೆ ಹಾಕಲು ಬಂದಾಗ ದೇಜಪ್ಪ ಒಂದು ಹೆಜ್ಜೆ ಹಿಂದೆ ಸರಿದರು.

"ನನಗೆ ಹೊದಿಸ್ಬೇಡಿ ಮಾರಾಯ್ರೆ, ವಿಮಾನ ಓಡಿಸುವುದು ನಾನಲ್ಲ. ಪಾರ್ಸೆಲ್ ಮಾಡಿ ಕೊಡಿ."

ಠಾಣೆಯಲ್ಲಿ ಗಾಡಿ ಬದಲಿಸಿ ಅವರು ಐರೋಲಿಗೆ ಬಂದಾಗ ಇನ್ನೂ ಬೆಳಕಿತ್ತು. ಚಪ್ಪಲಿಯನ್ನು ಮೆಟ್ಟಿಲ ಬಳಿಯೇ ಬಿಟ್ಟು, ಹಣ್ಣಿನ ಬುಟ್ಟಿಯ ಪ್ಲಾಸ್ಟಿಕ್ ಹಾಳೆ ಸದ್ದು ಮಾಡದಂತೆ ಎದೆಗೆ ಒತ್ತಿ ಹಿಡಿದು, ಬೀಗದ ಕೈ ತಿರುಗಿಸಿ ಒಳಗೆ ಬಂದರು. ಪ್ರಣೀತಾ ಸೋಫಾದ ಮೇಲೆ ಕಾಲು ಮಡಚಿ ಕೂತು, ಧ್ವನಿ ತಗ್ಗಿಸಿ ಟೀವಿ ನೋಡುತ್ತಿದ್ದಳು.

"ಎಂತ ಹೇಳಿದ್ರಿ ಸ್ಟೇಜಿನಲ್ಲಿ?"

"ನೀನು ಮಲಗಿದ್ದಿ ಅಂತ ಹೇಳಿದೆ."

"ಸುಳ್ಳು. ನಾನು ಆಗಲೇ ಎದ್ದಿದ್ದೇನೆ."

ದೇಜಪ್ಪ ಬುಟ್ಟಿಯನ್ನು ಕೆಳಗಿಟ್ಟರು. "ಹಾಗಾದ್ರೆ ಹೋಗಿ ಮಲಗು. ಅಷ್ಟು ಜನರ ಎದುರು ಹೇಳಿ ಬಂದಿದ್ದೇನೆ."

"ಮತ್ತೆ ನನ್ನ ಪರವಾಗಿ ಮಾತು ಕೊಟ್ರಾ ಪಪ್ಪಾ?"

"ಇದೊಂದು ಕೊನೆಯದ್ದು."

ಅವಳು ಟೀವಿ ಆರಿಸಿದಳು. ಬುಟ್ಟಿಯಿಂದ ಒಂದು ಸೀತಾಫಲ ತೆಗೆದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.